ಕೆಂಪು ಗುಳಿಗೆಯ ಹಿಂದಿನ ಹೆಣ್ಣುಮಗಳು: ಲೂಸಿ ವಿಲ್ಸ್

ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು. ಹಾವೇರಿ ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳಲ್ಲಿ ಆರೋಗ್ಯದ ಸಂದೇಶಗಳು ಜನರಿಗೆ ಹೇಗೆ ತಲುಪುತ್ತವೆ ಎಂದು ತಿಳಿಯಲು ಕೆಲವು ವಾರ ಓಡಾಡಿದ್ದೆ. ಬಸುರಿ ಹೆಣ್ಣುಮಕ್ಕಳಿರುವ ಮನೆಗಳಲ್ಲಿ ಒಂದು ವಸ್ತು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತಿತ್ತು. ಗೋಡೆಯ ಗೂಡಿನಲ್ಲೋ, ಟಿವಿಯ ಹಿಂದೆಯೋ, ದೇವರ ಫೋಟೋದ ಕೆಳಗೋ ಇಟ್ಟ ಕೆಂಪು ಗುಳಿಗೆಗಳ ಚೀಟಿ. ಆಶಾ ಕಾರ್ಯಕರ್ತೆ ಕೊಟ್ಟು ಹೋದದ್ದು. ಹತ್ತರಲ್ಲಿ ಎರಡೋ ಮೂರೋ ಖಾಲಿ, ಉಳಿದವು ಹಾಗೇ.

ಯಾಕೆ ನುಂಗಿಲ್ಲ ಎಂದು ಕೇಳಿದರೆ ಬರುವ ಉತ್ತರಗಳು ನಿಮಗೂ ಗೊತ್ತಿರುತ್ತವೆ. ಕೂಸು ಕಪ್ಪಾಗುತ್ತದಂತೆ. ಕೂಸು ತೀರಾ ದೊಡ್ಡದಾಗಿ ಹೆರಿಗೆ ಕಷ್ಟವಾಗುತ್ತದಂತೆ. ಹೊಟ್ಟೆ ತೊಳಸುತ್ತದೆ, ಮಲ ಕಪ್ಪಗೆ ಹೋಗುತ್ತದೆ. ಇವೆಲ್ಲದರ ಮೇಲೆ ಕಳಶವಿಟ್ಟಂತೆ ವಾಟ್ಸಾಪ್‌ನಲ್ಲಿ ತಿರುಗುವ ಒಂದು ವಾದವಿದೆ. ನಮ್ಮ ಅಜ್ಜಿ, ಮುತ್ತಜ್ಜಿಯರು ಒಂದೂ ಗುಳಿಗೆ ನುಂಗದೆ ಹತ್ತು ಮಕ್ಕಳನ್ನು ಹೆತ್ತರು, ಈಗಿನ ಗುಳಿಗೆಗಳೆಲ್ಲ ಔಷಧಿ ಕಂಪನಿಗಳ ವ್ಯಾಪಾರ ಎಂಬುದು ಅದರ ಸಾರ.

ಮೊದಲೆರಡಕ್ಕೆ ಉತ್ತರ ಚಿಕ್ಕದು. ಮಗುವಿನ ಬಣ್ಣ ತಂದೆತಾಯಿಯಿಂದ ಬರುತ್ತದೆ, ಗುಳಿಗೆಯಿಂದಲ್ಲ. ಕಬ್ಬಿಣಾಂಶದ ಗುಳಿಗೆ ಮಗುವನ್ನು ಹೆರಲಾಗದಷ್ಟು ದೊಡ್ಡದು ಮಾಡುವುದಿಲ್ಲ. ತಾಯಿಗೆ ರಕ್ತ ಕಡಿಮೆಯಿದ್ದರೆ ಮಗು ತೂಕವಿಲ್ಲದೆ ಹುಟ್ಟುವ ಅಪಾಯವೇ ಹೆಚ್ಚು. ಮಲ ಕಪ್ಪಾಗುವುದು ನಿಜ. ದೇಹ ಹೀರಿಕೊಳ್ಳದೆ ಉಳಿದ ಕಬ್ಬಿಣ ಹೊರಗೆ ಹೋಗುವ ಬಣ್ಣ ಅದು.

ಮುತ್ತಜ್ಜಿಯರ ಮಾತಿಗೆ ಮಾತ್ರ ಉತ್ತರ ಉದ್ದ. ಅದು ಒಬ್ಬ ಮಹಿಳೆಯ ಜೀವನದ ಕತೆ. ಗುಳಿಗೆಯೇ ಇಲ್ಲದ ಆ ಕಾಲದಲ್ಲಿ ನಮ್ಮ ದೇಶದ ಬಸುರಿ ಹೆಂಗಸರು ಯಾಕೆ ಬಿಳಿಚಿಕೊಂಡು ಸಾಯುತ್ತಿದ್ದಾರೆ ಎಂದು ಹುಡುಕಲು ಹಡಗು ಹತ್ತಿ ಬಂದವರು ಅವರು. ಹೆಸರು ಲೂಸಿ ವಿಲ್ಸ್.

ಅವರು ಬಂದಿಳಿದ ಊರು ಮುಂಬೈ, ವರ್ಷ 1928. ಆಗ ಮುಂಬೈ ನಮಗೆ ಬೇರೆ ರಾಜ್ಯದ ಊರಾಗಿರಲಿಲ್ಲ. ಧಾರವಾಡ ಜಿಲ್ಲೆ ಮುಂಬೈ ಪ್ರಾಂತ್ಯದ ಭಾಗ. ಹಾನಗಲ್ಲ ಆ ಜಿಲ್ಲೆಯ ತಾಲ್ಲೂಕು. ಶಿಗ್ಗಾವಿ ಬಂಕಾಪುರ ತಾಲ್ಲೂಕಿನ ಕಚೇರಿಯಿದ್ದ ಊರು, ಹಿರೇಕೆರೂರು ಕೋಡ ತಾಲ್ಲೂಕಿನದು. ಸವಣೂರಿನಲ್ಲಿ ಮಾತ್ರ ನವಾಬರ ಪುಟ್ಟ ಸಂಸ್ಥಾನವಿತ್ತು. ಈ ಊರುಗಳು ಮೈಸೂರು ರಾಜ್ಯಕ್ಕೆ ಸೇರಿದ್ದು 1956ರಲ್ಲಿ, ಹಾವೇರಿ ಜಿಲ್ಲೆಯಾದದ್ದು 1997ರಲ್ಲಿ. ಅಂದರೆ ಲೂಸಿ ವಿಲ್ಸ್ ಪ್ರಯೋಗಾಲಯ ತೆರೆದಾಗ ಹಾನಗಲ್ಲಿನ ನಮ್ಮ ಮುತ್ತಜ್ಜಿಯರು ಅದೇ ಪ್ರಾಂತ್ಯದ ಹೆಣ್ಣುಮಕ್ಕಳು.

ಕುಡಗೋಲು ಮಾಡುವವರ ಮನೆಯ ಹುಡುಗಿ

ಲೂಸಿ ಹುಟ್ಟಿದ್ದು 1888ರ ಮೇ 10ರಂದು, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಹತ್ತಿರದ ಸಟನ್ ಕೋಲ್ಡ್‌ಫೀಲ್ಡ್‌ನಲ್ಲಿ. ಮನೆತನದ ಉದ್ಯೋಗ ಕುಡಗೋಲು, ಕತ್ತಿಯಂಥ ಹರಿತದ ಸಾಮಾನು ತಯಾರಿಸುವುದು. ಅಪ್ಪ ವಿಜ್ಞಾನ ಓದಿದವರು, ತಾಯಿಯ ತಂದೆ ವೈದ್ಯರು. ಹಣಕ್ಕೆ ಕೊರತೆಯಿರಲಿಲ್ಲ, ಮನೆಯಲ್ಲಿ ಹೆಣ್ಣುಮಕ್ಕಳ ಓದಿಗೆ ಅಡ್ಡಿಯೂ ಇರಲಿಲ್ಲ. ಹುಡುಗಿಯರಿಗೆ ವಿಜ್ಞಾನ, ಗಣಿತ ಕಲಿಸುತ್ತಿದ್ದ ಕೆಲವೇ ಶಾಲೆಗಳಲ್ಲೊಂದಾದ ಚೆಲ್ಟನ್‌ಹ್ಯಾಮ್ ಲೇಡೀಸ್ ಕಾಲೇಜಿಗೆ ಸೇರಿಸಿದರು. ಅಲ್ಲಿಂದ 1907ರಲ್ಲಿ ಕೇಂಬ್ರಿಡ್ಜ್‌ನ ನ್ಯೂನ್‌ಹ್ಯಾಮ್ ಕಾಲೇಜು. ಓದಿದ್ದು ಸಸ್ಯಶಾಸ್ತ್ರ ಮತ್ತು ಭೂವಿಜ್ಞಾನ.

1911ರಲ್ಲಿ ಪರೀಕ್ಷೆ ಪಾಸಾದರು. ಪದವಿ ಸಿಗಲಿಲ್ಲ. ಕೇಂಬ್ರಿಡ್ಜ್ ಆಗ ಹೆಂಗಸರನ್ನು ಪರೀಕ್ಷೆಗೆ ಕೂರಿಸುತ್ತಿತ್ತು, ಪದವಿ ಕೊಡುತ್ತಿರಲಿಲ್ಲ. ಅಲ್ಲಿನ ಹೆಂಗಸರು ಪೂರ್ಣ ಪದವಿಗಾಗಿ 1948ರವರೆಗೆ ಕಾಯಬೇಕಾಯಿತು. ನಮ್ಮಲ್ಲಿ ಹುಡುಗಿಯರನ್ನು ಏಳನೇ ಕ್ಲಾಸಿಗೆ ಬಿಡಿಸಿದ್ದನ್ನು ಹೇಳುವಾಗ ಹೊರದೇಶದಲ್ಲಿ ಎಲ್ಲ ಸರಿಯಿತ್ತು ಎಂದುಕೊಳ್ಳುತ್ತೇವಲ್ಲ, ಅದಕ್ಕೇ ಈ ಮಾತು ಸೇರಿಸಿದೆ.

ಪರೀಕ್ಷೆ ಮುಗಿಸಿದ ವರ್ಷವೇ ಅಪ್ಪ ತೀರಿಕೊಂಡರು, 1913ರಲ್ಲಿ ಅಕ್ಕ. ಲೂಸಿ ಅಮ್ಮನೊಂದಿಗೆ ಸಿಲೋನಿಗೆ ಹೋಗಿಬಂದರು. ಮರುವರ್ಷ ಗೆಳತಿಯೊಬ್ಬಳ ಜೊತೆ ದಕ್ಷಿಣ ಆಫ್ರಿಕಾದಲ್ಲಿದ್ದಾಗ ಮೊದಲ ಮಹಾಯುದ್ಧ ಶುರುವಾಯಿತು. ಕೇಪ್‌ಟೌನಿನಲ್ಲಿ ಕೆಲವು ವಾರ ಸ್ವಯಂಸೇವಕ ನರ್ಸ್ ಆಗಿ ದುಡಿದರು. ಇಂಗ್ಲೆಂಡಿಗೆ ವಾಪಸಾದವರೇ 1915ರ ಜನವರಿಯಲ್ಲಿ ಲಂಡನ್ನಿನ ಮಹಿಳಾ ವೈದ್ಯಕೀಯ ಶಾಲೆಗೆ ಸೇರಿದರು. ವೈದ್ಯೆಯಾಗಿ ಹೊರಬಂದಾಗ 1920, ವಯಸ್ಸು 32. ನಮ್ಮ ಕಡೆ ಆ ವಯಸ್ಸಿಗೆ ಅಜ್ಜಿಯಾಗುವವರೂ ಇದ್ದರು.

ವಿಚಿತ್ರವೆಂದರೆ ಅವರು ದವಾಖಾನೆ ಇಟ್ಟು ರೋಗಿಗಳನ್ನು ನೋಡಲಿಲ್ಲ. ರಾಯಲ್ ಫ್ರೀ ಆಸ್ಪತ್ರೆಯಲ್ಲಿ ಪಾಠ ಮಾಡುತ್ತ, ಗರ್ಭಿಣಿಯ ದೇಹದ ರಾಸಾಯನಿಕ ಕ್ರಿಯೆಗಳು ಹೇಗೆ ಬದಲಾಗುತ್ತವೆ ಎಂಬ ಸಂಶೋಧನೆಗೆ ಕುಳಿತರು. ಬಸಿರು ಎಂದರೆ ಹೊಟ್ಟೆ ದೊಡ್ಡದಾಗುವುದಷ್ಟೇ ಅಲ್ಲ, ರಕ್ತ, ಮೂತ್ರಪಿಂಡ, ಲಿವರ್ ಎಲ್ಲದರ ಲೆಕ್ಕ ಬದಲಾಗುವ ಸಮಯ ಎಂಬುದು ಆಗಿನ್ನೂ ಹೊಸ ಅಧ್ಯಯನದ ವಿಷಯ.

ಗಿರಣಿ ಊರಿನ ಬಿಳಿಚಿದ ಹೆಂಗಸರು

ಭಾರತದಲ್ಲಿ ಆಗ ಮಾರ್ಗರೆಟ್ ಬಾಲ್‌ಫೋರ್ ಎಂಬ ವೈದ್ಯೆ ಹೆರಿಗೆಯಲ್ಲಿ ಸಾಯುವ ತಾಯಂದಿರ ಬಗ್ಗೆ ಮಾಹಿತಿ ಕೂಡಿಸುತ್ತಿದ್ದರು. ಗರ್ಭಿಣಿಯರಲ್ಲಿ ತೀವ್ರ ರಕ್ತಹೀನತೆ ದೊಡ್ಡ ಕಾರಣವೆಂದು ಅವರ ಗಮನಕ್ಕೆ ಬಂದಿತ್ತು. ಅದನ್ನು ಬೇರುಮಟ್ಟ ನೋಡಬಲ್ಲವರು ಬೇಕಿತ್ತು. ಲೂಸಿ ವಿಲ್ಸ್ ಬಂದರು. ಈಗಿನ ಐಸಿಎಂಆರ್‌ನ ಹಿಂದಿನ ರೂಪವಾದ ಇಂಡಿಯನ್ ರಿಸರ್ಚ್ ಫಂಡ್ ಅಸೋಸಿಯೇಷನ್ ಖರ್ಚು ಕೊಟ್ಟಿತು. ಕೆಲಸದ ಜಾಗ ಪರೇಲಿನ ಹಾಫ್‌ಕಿನ್ ಸಂಸ್ಥೆ, ಪ್ಲೇಗ್ ಲಸಿಕೆಗೆ ಹೆಸರಾದದ್ದು. ಸುತ್ತಲೂ ಬಟ್ಟೆ ಗಿರಣಿಗಳು, ಗಿರಣಿ ಕೆಲಸದ ಬಡ ಕುಟುಂಬಗಳು.

ಅವರ ಮುಂದಿದ್ದ ರೋಗ ಹೀಗಿತ್ತು. ಬಸುರಿ ಹೆಣ್ಣುಮಗಳು ದಿನದಿನಕ್ಕೆ ಬಿಳಿಚಿಕೊಳ್ಳುತ್ತಾಳೆ. ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಕಾಲು ಬಾವು, ಬಾಯಿಹುಣ್ಣು, ಭೇದಿ. ಹೆರಿಗೆಯ ಹೊತ್ತಿಗೆ ದೇಹದಲ್ಲಿ ತಡೆಯುವ ಶಕ್ತಿಯೇ ಇರುವುದಿಲ್ಲ. ಹೆರಿಗೆಯಲ್ಲಿ ಒಂದಿಷ್ಟು ರಕ್ತ ಹೋಗುವುದು ಸಹಜ. ಆರೋಗ್ಯವಂತೆ ಅದನ್ನು ತಾಳಿಕೊಳ್ಳುತ್ತಾಳೆ. ರಕ್ತವೇ ಇಲ್ಲದವಳಿಗೆ ಅಷ್ಟೇ ಸಾಕಾಗುತ್ತದೆ.

ರಕ್ತದ ಹನಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಇನ್ನೊಂದು ಸುಳಿವು ಕಾಣುತ್ತಿತ್ತು. ಕಬ್ಬಿಣಾಂಶ ಕಡಿಮೆಯಾದರೆ ಕೆಂಪು ರಕ್ತಕಣಗಳು ಚಿಕ್ಕದಾಗಿ, ಬಣ್ಣಗೆಟ್ಟು ಕಾಣುತ್ತವೆ. ಈ ಹೆಂಗಸರಲ್ಲಿ ಕಣಗಳ ಸಂಖ್ಯೆ ಬಹಳ ಕಡಿಮೆ, ಆದರೆ ಒಂದೊಂದು ಕಣವೂ ದೊಡ್ಡದು. ಇದು ಯಾಕೆ ಹೀಗೆ ಎಂದು ಇವತ್ತು ನಮಗೆ ಗೊತ್ತಿದೆ. ರೊಟ್ಟಿ ಮಾಡುವಾಗ ನಾದಿದ ಹಿಟ್ಟನ್ನು ಹತ್ತು ಉಂಡೆಯಾಗಿ ಹರಿದರೆ ಹತ್ತು ರೊಟ್ಟಿ. ಹರಿಯುವ ಕೈಯೇ ಕೆಲಸ ನಿಲ್ಲಿಸಿದರೆ ಎರಡು ಮೂರು ದೊಡ್ಡ ಮುದ್ದೆಗಳು ಉಳಿಯುತ್ತವೆ, ರೊಟ್ಟಿಯಾಗುವುದಿಲ್ಲ. ಎಲುಬಿನ ಮಜ್ಜೆಯಲ್ಲಿ ರಕ್ತಕಣಗಳಾಗುವುದೂ ಹೀಗೆ, ಒಂದು ಎರಡಾಗಿ, ಎರಡು ನಾಲ್ಕಾಗಿ. ಒಡೆಯುವ ಮುನ್ನ ಪ್ರತಿ ಕಣವೂ ತನ್ನ ಡಿಎನ್‌ಎಯ ಇನ್ನೊಂದು ಪ್ರತಿ ಮಾಡಿಕೊಳ್ಳಬೇಕು. ಅದಕ್ಕೆ ಬೇಕಾದ ಒಂದು ಪದಾರ್ಥ ಇಲ್ಲದಿದ್ದರೆ ಕಣ ಬೆಳೆಯುತ್ತದೆ, ಒಡೆಯುವುದಿಲ್ಲ. ಗರ್ಭಿಣಿಯಲ್ಲಿ ಮಗುವಿನ ದೇಹವೂ ಅದೇ ಪದಾರ್ಥವನ್ನು ಬೇಡುತ್ತಿರುವುದರಿಂದ ಕೊರತೆ ಬೇಗ ಬಯಲಾಗುತ್ತದೆ.

ಲೂಸಿಗೆ ಇದ್ಯಾವುದೂ ಗೊತ್ತಿರಲಿಲ್ಲ. ಆ ಪದಾರ್ಥಕ್ಕೆ ಹೆಸರೂ ಇರಲಿಲ್ಲ. ಅವರು ಸೋಂಕಿನಿಂದ ಶುರು ಮಾಡಿದರು. ಮಲ ಪರೀಕ್ಷೆ ಮಾಡಿ ರೋಗಾಣು ಹುಡುಕಿದರು, ಕಾರಣ ಸಿಗಲಿಲ್ಲ. ನಂತರ ಅವರ ಗಮನ ಊಟದ ತಟ್ಟೆಗೆ ತಿರುಗಿತು. ರೋಗ ಬಂದವರು ಏನು ಉಣ್ಣುತ್ತಾರೆ, ಬಾರದವರು ಏನು ಉಣ್ಣುತ್ತಾರೆ? ಬಡ ಕುಟುಂಬಗಳಲ್ಲಿ, ಅದರಲ್ಲೂ ಬಡ ಮುಸ್ಲಿಂ ಹೆಂಗಸರಲ್ಲಿ ಈ ರೋಗ ಹೆಚ್ಚು ಕಂಡಿತ್ತು. ಜಾತಿ ಧರ್ಮಕ್ಕೂ ರಕ್ತಕ್ಕೂ ಗಂಟುಹಾಕಿ ಕೈತೊಳೆದುಕೊಳ್ಳುವುದು ಆ ಕಾಲದಲ್ಲಿ ಸುಲಭವಿತ್ತು. ಲೂಸಿ ಹಾಗೆ ಮಾಡದೆ ಅವರ ಊಟವನ್ನೇ ಅಭ್ಯಾಸ ಮಾಡಿದರು. ಹೊಟ್ಟೆ ತುಂಬಿದರೂ ಹಸಿರು ಸೊಪ್ಪು, ಹಣ್ಣು, ಹಾಲು, ಮಾಂಸ ಅಪರೂಪವಾದ ಊಟ ಅದು.

ಮುಂದಿನ ಹೆಜ್ಜೆ ಇಲಿಗಳು. ಬಿಳಿ ಇಲಿಗಳಿಗೆ ಆ ಹೆಂಗಸರ ಊಟದಂಥದೇ ಆಹಾರ ಹಾಕಿದರು. ಬಸುರಿ ಇಲಿಗಳು ರಕ್ತಹೀನವಾಗಿ ಮರಿ ಹಾಕುವ ಮೊದಲೇ ಸತ್ತವು. ಆಹಾರಕ್ಕೆ ಯೀಸ್ಟ್ ಸೇರಿಸಿದರೆ ಬದುಕಿದವು. ಕತೆ ಇಲ್ಲಿಗೆ ಮುಗಿದಿದ್ದರೆ ಚೆಂದವಿತ್ತು. ಆದರೆ ಇಲಿಗಳಲ್ಲಿ ಹೇನು ಕಂಡವು. ಹೇನಿನಿಂದ ಹರಡುವ ಸೋಂಕೂ ರಕ್ತಹೀನತೆ ತರಬಲ್ಲದು. ಹಾಗಾದರೆ ಇಲಿಗಳು ಸತ್ತದ್ದು ಊಟದಿಂದಲೋ, ಹೇನಿನಿಂದಲೋ? ಎರಡನ್ನೂ ಬೇರ್ಪಡಿಸಲು ಆಗುತ್ತಿರಲಿಲ್ಲ. ತಿಂಗಳುಗಟ್ಟಲೆಯ ಕೆಲಸ ಅನುಮಾನಕ್ಕೆ ಬಿತ್ತು. ಅವರು ಆ ಅನುಮಾನವನ್ನು ಮುಚ್ಚಿಡದೆ ಮಂಗಗಳ ಮೇಲೆ ಮೊದಲಿಂದ ಪ್ರಯೋಗ ಮಾಡಿದರು. ನನಗೆ ಅವರ ಜೀವನದಲ್ಲಿ ತುಂಬ ಇಷ್ಟವಾಗುವ ಭಾಗ ಇದು. ಫಾರ್ವರ್ಡ್ ಮಾಡಿದ ಸುದ್ದಿ ಸುಳ್ಳೆಂದು ಗೊತ್ತಾದ ಮೇಲೆ ಅದೇ ಗುಂಪಿಗೆ ಹೋಗಿ ತಪ್ಪಾಗಿತ್ತು ಎಂದು ಬರೆಯುವವರು ನಮ್ಮಲ್ಲಿ ಎಷ್ಟು ಮಂದಿ?

ಮಂಗ ಮತ್ತು ಮಾರ್ಮೈಟ್

ಇಂಟರ್‌ನೆಟ್ಟಿನಲ್ಲಿ ಲೂಸಿ ವಿಲ್ಸ್ ಬಗ್ಗೆ ಓಡಾಡುವ ಕತೆ ಎರಡು ಸಾಲಿನದು. ಸಾಯುತ್ತಿದ್ದ ಮಂಗಕ್ಕೆ ಮಾರ್ಮೈಟ್ ತಿನ್ನಿಸಿದರು, ಮಂಗ ಎದ್ದು ಕೂತಿತು, ಫೋಲಿಕ್ ಆಸಿಡ್ ಸಿಕ್ಕಿತು. ಇದರಲ್ಲಿ ನಿಜ ಸ್ವಲ್ಪ, ಅವಸರ ಬಹಳ.

ಮಾರ್ಮೈಟ್ ಎಂದರೆ ಬಿಯರ್ ಮಾಡಿದ ಮೇಲೆ ಉಳಿಯುವ ಯೀಸ್ಟ್‌ನಿಂದ ತೆಗೆದ ಸಾರ. ಕಪ್ಪಗೆ, ಅಂಟಂಟಾಗಿ, ಉಪ್ಪುಪ್ಪಾಗಿರುತ್ತದೆ. ಇಂಗ್ಲೆಂಡಿನಲ್ಲಿ 1902ರಿಂದ ಮಾರುತ್ತಿದ್ದಾರೆ, ಬ್ರೆಡ್ಡಿಗೆ ಹಚ್ಚಿ ತಿನ್ನುತ್ತಾರೆ. ಬಿ ಗುಂಪಿನ ಜೀವಸತ್ವಗಳು ಅದರಲ್ಲಿ ಹೇರಳ ಎಂಬುದು ಆಗಲೇ ತಿಳಿದಿತ್ತು. ಯೀಸ್ಟ್ ಕೊಟ್ಟ ಇಲಿಗಳು ಬದುಕಿದ್ದನ್ನು ಕಂಡವರಿಗೆ ಅಗ್ಗದ ಯೀಸ್ಟ್ ಸಾರ ನೆನಪಾದದ್ದು ಆಕಸ್ಮಿಕವಲ್ಲ. ಕೊರತೆಯ ಆಹಾರದಿಂದ ರಕ್ತಹೀನವಾದ ಮಂಗಗಳಿಗೆ ಅದನ್ನು ಕೊಟ್ಟಾಗ ರಕ್ತ ಚೇತರಿಸಿಕೊಂಡಿತು. ಹೆಂಗಸರಿಗೂ ಕೊಟ್ಟರು.

ಫಲ ಕೆಲವೇ ದಿನಗಳಲ್ಲಿ ಕಾಣಿಸಿತು. ಮಜ್ಜೆ ಮತ್ತೆ ಕೆಲಸ ಶುರುಮಾಡಿದ ಗುರುತಾಗಿ ರಕ್ತದಲ್ಲಿ ಎಳೆಯ ಕೆಂಪುಕಣಗಳು ಒಮ್ಮೆಲೇ ಹೆಚ್ಚಿದವು. ಹಾಸಿಗೆ ಹಿಡಿದಿದ್ದವರಿಗೆ ಊಟ ರುಚಿಸತೊಡಗಿತು. ಈ ಫಲಿತಾಂಶವನ್ನು ಲೂಸಿ 1931ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದರು.

ಈ ನಡುವೆ ಅವರು ಒಂದೇ ಕಡೆ ಕೂತಿರಲಿಲ್ಲ. 1929ರ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ನೀಲಗಿರಿಯ ಕೂನೂರಿನ ಪಾಶ್ಚರ್ ಸಂಸ್ಥೆಯಲ್ಲಿದ್ದರು. ಭಾರತದ ಪೋಷಣಾ ಸಂಶೋಧನೆ ಬೇರುಬಿಟ್ಟ ಜಾಗ ಅದು. 1931ರ ಆರಂಭದಲ್ಲಿ ಮದ್ರಾಸಿನ ಹೆಂಗಸರ ಆಸ್ಪತ್ರೆಯೊಂದರಲ್ಲಿ ಇದೇ ರೋಗದ ಗರ್ಭಿಣಿಯರನ್ನು ನೋಡಿದರು. ನಡುನಡುವೆ ಲಂಡನ್ನಿನ ತಮ್ಮ ಆಸ್ಪತ್ರೆಗೂ ಹೋಗಿಬರುತ್ತಿದ್ದರು.

ಯೀಸ್ಟ್ ಸಾರದಲ್ಲಿದ್ದ ಆ ಪದಾರ್ಥ ಯಾವುದು? ಇಲ್ಲಿ ಲಿವರ್‌ನ ಕತೆ ಬರುತ್ತದೆ. ಹೆಚ್ಚು ಲಿವರ್ ತಿನ್ನಿಸಿದರೆ ಪರ್ನಿಷಿಯಸ್ ಅನೀಮಿಯಾ ಎಂಬ ಮಾರಣಾಂತಿಕ ರಕ್ತಹೀನತೆ ಹತೋಟಿಗೆ ಬರುತ್ತದೆ ಎಂದು ಅಮೆರಿಕದ ಮೈನಾಟ್ ಮತ್ತು ಮರ್ಫಿ 1926ರಲ್ಲಿ ತೋರಿಸಿದ್ದರು. ಅದಕ್ಕೆ 1934ರಲ್ಲಿ ನೊಬೆಲ್ ಬಂತು. ಆ ರೋಗದಲ್ಲೂ ರಕ್ತಕಣಗಳು ದೊಡ್ಡವೇ. ಹಾಗಾಗಿ ಮುಂಬೈ ಹೆಂಗಸರದ್ದೂ ಅದೇ ರೋಗ ಎಂದು ಅನ್ನಿಸುವುದು ಸಹಜವಿತ್ತು. ಲೂಸಿ 1937ರಲ್ಲಿ ಮತ್ತೆ ಭಾರತಕ್ಕೆ ಬಂದು ಬಾರ್ಬರಾ ಇವಾನ್ಸ್ ಜೊತೆ ಈ ಪ್ರಶ್ನೆ ಬಿಡಿಸಿದರು. ಬಹಳ ಶುದ್ಧ ಮಾಡಿದ ಲಿವರ್ ಸಾರ ಪರ್ನಿಷಿಯಸ್ ಅನೀಮಿಯಾಕ್ಕೆ ಕೆಲಸ ಮಾಡುತ್ತಿತ್ತು, ಈ ಹೆಂಗಸರಿಗೆ ಮಾಡುತ್ತಿರಲಿಲ್ಲ. ಅಷ್ಟಾಗಿ ಶುದ್ಧ ಮಾಡದ ಲಿವರ್ ಸಾರ ಕೊಟ್ಟರೆ ಗುಣವಾಗುತ್ತಿತ್ತು. ಮಾರ್ಮೈಟಿನಿಂದಲೂ ಗುಣವಾಗುತ್ತಿತ್ತು. ಅಂದರೆ ಶುದ್ಧ ಮಾಡುವಾಗ ಏನೋ ಕಳೆದುಹೋಗುತ್ತಿತ್ತು, ಮತ್ತು ಆ ಏನೋ ಪರ್ನಿಷಿಯಸ್ ಅನೀಮಿಯಾದ ಮದ್ದಲ್ಲ. 1938ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ವೈದ್ಯರು ಆ ಅಪರಿಚಿತ ಪದಾರ್ಥವನ್ನು ವಿಲ್ಸ್ ಫ್ಯಾಕ್ಟರ್ ಎಂದು ಕರೆದರು.

ಶುದ್ಧ ಸಾರದಲ್ಲಿ ಉಳಿಯುತ್ತಿದ್ದದ್ದು ಬಿ12 ಎಂದು 1948ರಲ್ಲಿ ತಿಳಿಯಿತು. ಕಳೆದುಹೋಗುತ್ತಿದ್ದದ್ದು ಫೋಲೇಟ್.

ಅದನ್ನು ಬೇರ್ಪಡಿಸಿ ಹೆಸರಿಟ್ಟವರು ಲೂಸಿ ಅಲ್ಲ. 1941ರಲ್ಲಿ ಟೆಕ್ಸಾಸ್‌ನ ವಿಜ್ಞಾನಿಗಳು ನಾಲ್ಕು ಟನ್ ಪಾಲಕ್ ಸೊಪ್ಪು ಸೋಸಿ ಚೂರೇ ಚೂರು ಪದಾರ್ಥ ತೆಗೆದರು. ಎಲೆಯಿಂದ ಬಂದದ್ದಕ್ಕೆ ಲ್ಯಾಟಿನ್ ಭಾಷೆಯ ಎಲೆಯ ಹೆಸರು ಸೇರಿಸಿ ಫೋಲಿಕ್ ಆಸಿಡ್ ಎಂದರು. ಪ್ರಯೋಗಾಲಯದಲ್ಲೇ ತಯಾರಿಸುವ ದಾರಿಯನ್ನು 1945ರ ಹೊತ್ತಿಗೆ ಕಂಡುಕೊಂಡದ್ದು ಅಮೆರಿಕದ ಲೆಡರ್ಲೆ ಕಂಪನಿಯ ತಂಡ. ಅದರ ಮುಖ್ಯಸ್ಥ ನಮ್ಮ ನೆರೆಯ ಆಂಧ್ರದ ಭೀಮಾವರದಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಹಾಗಾಗಿ ಲೂಸಿ ವಿಲ್ಸ್ ಫೋಲಿಕ್ ಆಸಿಡ್ ಕಂಡುಹಿಡಿದರು ಎಂಬ ಸಂದೇಶ ಬಂದರೆ ಅದನ್ನು ಸ್ವಲ್ಪ ತಿದ್ದಿ ಕಳಿಸಿ. ಬಸುರಿ ಹೆಂಗಸರನ್ನು ಕೊಲ್ಲುತ್ತಿದ್ದ ಒಂದು ಕೊರತೆ ಇದೆ, ಅದು ಊಟದಲ್ಲಿದೆ, ಅದನ್ನು ತುಂಬಬಹುದು ಎಂದು ತೋರಿಸಿಕೊಟ್ಟವರು ಅವರು. ನನ್ನ ಲೆಕ್ಕದಲ್ಲಿ ಅದೇ ದೊಡ್ಡದು.

ಯುದ್ಧದ ಊರಿನಲ್ಲಿ ಕಬ್ಬಿಣದ ಲೆಕ್ಕ

ಆಶಾ ಕಾರ್ಯಕರ್ತೆ ಕೊಡುವ ಕೆಂಪು ಗುಳಿಗೆಯಲ್ಲಿ ಫೋಲಿಕ್ ಆಸಿಡ್ ಒಂದೇ ಅಲ್ಲ, ಕಬ್ಬಿಣಾಂಶವೂ ಇದೆ. ಅದಕ್ಕೂ ಲೂಸಿಗೂ ನಂಟಿದೆ ಎಂಬುದು ಕಡಿಮೆ ಜನಕ್ಕೆ ಗೊತ್ತು.

ಎರಡನೇ ಮಹಾಯುದ್ಧದಲ್ಲಿ ಅವರು ಲಂಡನ್ನಿನಲ್ಲಿ ರೋಗನಿದಾನ ತಜ್ಞೆಯಾಗಿ ದುಡಿದರು. ಬಾಂಬು ಬೀಳುವ ಊರು. 1944ರ ಜುಲೈನಲ್ಲಿ ರಾಯಲ್ ಫ್ರೀ ಆಸ್ಪತ್ರೆಯ ಮೇಲೂ ಬಿತ್ತು. ಆಹಾರವೆಲ್ಲ ರೇಷನ್. ಅಂಥ ಹೊತ್ತಿನಲ್ಲಿ ಅವರು ಕೇಳಿಕೊಂಡ ಪ್ರಶ್ನೆ: ರೇಷನ್ ಊಟ ಉಣ್ಣುವ ಗರ್ಭಿಣಿಯರಿಗೆಲ್ಲ ಕಬ್ಬಿಣಾಂಶದ ಗುಳಿಗೆ ಕೊಟ್ಟರೆ ಉಪಯೋಗವಿದೆಯೇ? ಕೆಲವರಿಗೆ ಕಬ್ಬಿಣಾಂಶ, ಕೆಲವರಿಗೆ ಔಷಧಿಯಿಲ್ಲದ ಗುಳಿಗೆ ಕೊಟ್ಟು ಇಬ್ಬರ ಹಿಮೋಗ್ಲೋಬಿನ್ ಹೋಲಿಸಿ ನೋಡಿದರು. ಫಲಿತಾಂಶ ಪ್ರಕಟವಾದದ್ದು 1947ರಲ್ಲಿ. ಹೀಗೆ ಹೋಲಿಸಿ ನೋಡುವುದು ಇವತ್ತು ಔಷಧಿಗಳಿಗೆ ಸಾಮಾನ್ಯವಾಗಿ ಮಾಡುವ ಪರೀಕ್ಷೆ. ಆಗ ಅಪರೂಪ.

ಅದೇ ವರ್ಷ ನಿವೃತ್ತರಾದರು. ರಾಯಲ್ ಫ್ರೀಯಲ್ಲಿ ರಕ್ತರೋಗಗಳ ಮೊದಲ ವಿಭಾಗ ಕಟ್ಟಿದವರೂ ಅವರೇ. ಆಮೇಲೆ ಮನೆಯಲ್ಲಿ ಕೂತರೇ? ಜಮೈಕಾ, ಫಿಜಿ, ದಕ್ಷಿಣ ಆಫ್ರಿಕಾ ಸುತ್ತಿ ಅಲ್ಲಿನ ಜನರ ಊಟ ಮತ್ತು ರಕ್ತಹೀನತೆ ನೋಡಿದರು. ಕೊನೆಯ ಹತ್ತು ವರ್ಷ ಲಂಡನ್ನಿನ ಚೆಲ್ಸೀ ಪುರಸಭೆಯಲ್ಲಿ ಲೇಬರ್ ಪಕ್ಷದ ಸದಸ್ಯೆ. ಮದುವೆಯಾಗಲಿಲ್ಲ. ಬೆಟ್ಟ ಹತ್ತುವುದು, ಹಿಮದಲ್ಲಿ ಸ್ಕೀ ಮಾಡುವುದು ಇಷ್ಟ, ಕೆಲಸಕ್ಕೆ ಸೈಕಲ್ ತುಳಿದುಕೊಂಡು ಹೋಗುತ್ತಿದ್ದರು. 1964ರ ಏಪ್ರಿಲ್ 16ರಂದು ತೀರಿಕೊಂಡರು. ಜನಸಾಮಾನ್ಯರಿಗೆ ಅವರ ಹೆಸರು ಮತ್ತೆ ಕಂಡದ್ದು 2019ರ ಮೇ 10ರಂದು, ಗೂಗಲ್ ತನ್ನ ಮುಖಪುಟದಲ್ಲಿ ಅವರ ಡೂಡಲ್ ಹಾಕಿದಾಗ.

ಅವರು ಹೋದ ಮೇಲೆ ಆ ಪದಾರ್ಥದ ಇನ್ನೊಂದು ಕೆಲಸ ಗೊತ್ತಾಯಿತು. ಗರ್ಭದಲ್ಲಿ ಮಗುವಿನ ಮೆದುಳು, ಬೆನ್ನುಹುರಿ ಆಗುವುದು ಒಂದು ನಳಿಗೆಯಿಂದ. ಆ ನಳಿಗೆ ಪೂರ್ತಿ ಮುಚ್ಚಿಕೊಳ್ಳದಿದ್ದರೆ ಮಗು ಬೆನ್ನಿನಲ್ಲಿ ಗಂಟಿನೊಂದಿಗೆ, ಕಾಲಿನ ಬಲವಿಲ್ಲದೆ ಹುಟ್ಟಬಹುದು, ಬದುಕದೆಯೂ ಇರಬಹುದು. ಮೊದಲೊಮ್ಮೆ ಇಂಥ ಮಗು ಹೆತ್ತಿದ್ದ ತಾಯಂದಿರಿಗೆ ಮುಂದಿನ ಬಸಿರಿಗೆ ಮೊದಲೇ ಫೋಲಿಕ್ ಆಸಿಡ್ ಕೊಟ್ಟು ಬ್ರಿಟನ್ನಿನ ಮೆಡಿಕಲ್ ರಿಸರ್ಚ್ ಕೌನ್ಸಿಲ್ ಏಳು ದೇಶಗಳಲ್ಲಿ ಅಧ್ಯಯನ ಮಾಡಿತು. ಈ ದೋಷ ಮರುಕಳಿಸುವುದು ಶೇ. 72ರಷ್ಟು ಕಡಿಮೆಯಾಯಿತು. ಉಪಯೋಗ ಅಷ್ಟು ಸ್ಪಷ್ಟವಿದ್ದುದರಿಂದ 1991ರಲ್ಲಿ ಅಧ್ಯಯನವನ್ನು ಅವಧಿಗೆ ಮೊದಲೇ ನಿಲ್ಲಿಸಿದರು. ಇಂಥ ತಾಯಂದಿರಿಗೆ ಬೇಕಾದ ಪ್ರಮಾಣ ಹೆಚ್ಚಿನದು, ಅದನ್ನು ವೈದ್ಯರೇ ಹೇಳಬೇಕು.

ಮುತ್ತಜ್ಜಿಯರ ಲೆಕ್ಕ

ಈಗ ವಾಟ್ಸಾಪ್ ವಾದಕ್ಕೆ ಬರೋಣ. ಗುಳಿಗೆ ಇಲ್ಲದೆ ಹತ್ತು ಹೆತ್ತ ಮುತ್ತಜ್ಜಿ ಇದ್ದದ್ದು ನಿಜ. ಅವಳ ಕತೆ ನಮಗೆ ಗೊತ್ತಿರುವುದು ಅವಳು ಬದುಕಿದ್ದರಿಂದ. ಬದುಕದವಳ ಕತೆ ಹೇಳಲು ಮನೆಯಲ್ಲಿ ಯಾರೂ ಉಳಿದಿರುವುದಿಲ್ಲ. ನಿಮ್ಮ ಮನೆಯ ಹಿರಿಯರನ್ನು ಒಮ್ಮೆ ಕೇಳಿ ನೋಡಿ, ಮುತ್ತಜ್ಜನಿಗೆ ಎರಡನೇ ಮದುವೆ ಯಾಕಾಯಿತು ಎಂದು. ನಾನು ಕೇಳಿದ್ದೆ. ನಮ್ಮ ಅಜ್ಜಿ ಅಜ್ಜನಿಗೆ ಎರಡನೆಯವಳು. ಮೊದಲನೆಯವಳು ಮೂರನೇ ಹೆರಿಗೆಯಲ್ಲಿ ಹೋದಳು. ಬಸಿರಿನಲ್ಲೇ ಅರಿಶಿನದ ಹಾಗೆ ಆಗಿದ್ದಳಂತೆ, ಕೂಸು ಅವಳ ರಕ್ತ ಕುಡಿಯಿತು ಎಂದು ಮನೆಯವರು ಮಾತಾಡಿಕೊಂಡರಂತೆ. ಅವಳ ಒಂದು ಫೋಟೋ ಕೂಡ ನಮ್ಮಲ್ಲಿಲ್ಲ. ಅಜ್ಜಿ ಮಾತ್ರ ವರ್ಷಕ್ಕೊಮ್ಮೆ ಅವಳ ಹೆಸರಿನಲ್ಲಿ ಒಬ್ಬ ಮುತ್ತೈದೆಗೆ ಉಡಿ ತುಂಬುತ್ತಿದ್ದಳು.

2018–20ರ ಸರ್ಕಾರಿ ಲೆಕ್ಕದ ಪ್ರಕಾರ ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ ಪ್ರಾಣ ಬಿಟ್ಟ ತಾಯಂದಿರು 69. ದೇಶದ ಸರಾಸರಿ 97. ಇಷ್ಟಕ್ಕೆ ಇಳಿದದ್ದು ಆಸ್ಪತ್ರೆ ಹೆರಿಗೆ, ರಕ್ತನಿಧಿ, ಆಂಬುಲೆನ್ಸ್, ಗುಳಿಗೆ ಎಲ್ಲ ಸೇರಿ. ಆದರೆ ರಕ್ತಹೀನತೆ ಹೋಗಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಗರ್ಭಿಣಿಯರಲ್ಲಿ ಶೇ. 52ರಷ್ಟು, ಕರ್ನಾಟಕದಲ್ಲಿ ಸುಮಾರು ಶೇ. 46ರಷ್ಟು ಮಂದಿಗೆ ರಕ್ತಹೀನತೆ. ಇವತ್ತು ಇದರಲ್ಲಿ ಹೆಚ್ಚಿನ ಪಾಲು ಕಬ್ಬಿಣಾಂಶದ ಕೊರತೆಯದು. ಫೋಲೇಟ್, ಬಿ12 ಕೊರತೆಯೂ ಸೇರಿಕೊಂಡಿರುತ್ತದೆ. ತಾಯಿ ಕಾರ್ಡ್‌ನಲ್ಲಿ ಹಿಮೋಗ್ಲೋಬಿನ್ ಬರೆದಿರುತ್ತಾರೆ, ನೋಡಿ. ಗರ್ಭಿಣಿಗೆ 11 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ, 7ಕ್ಕಿಂತ ಕಡಿಮೆಯಿದ್ದರೆ ತೀವ್ರ. ಆಗ ಗುಳಿಗೆ ನಂಬಿ ಕೂರುವಂತಿಲ್ಲ, ಆಸ್ಪತ್ರೆಗೇ ಹೋಗಬೇಕು.

ಹುಡುಕಾಟ ಈಗ ನಮ್ಮ ಹತ್ತಿರದಲ್ಲೇ ನಡೆಯುತ್ತಿದೆ. ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನವರು ಸುತ್ತಲಿನ ಹಳ್ಳಿಗಳಲ್ಲಿ 1,620 ತಾಯಂದಿರ ಮೇಲೆ ನಡೆಸಿದ ಅಧ್ಯಯನವೊಂದು 2006ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂತು. ಹೆರಿಗೆಯಾದ ಕೂಡಲೇ ದಾದಿಯರು ಮಿಸೊಪ್ರೊಸ್ಟಾಲ್ ಗುಳಿಗೆ ಕೊಟ್ಟರೆ ವಿಪರೀತ ರಕ್ತಸ್ರಾವ ಶೇ. 12ರಿಂದ ಶೇ. 6.4ಕ್ಕೆ ಇಳಿಯಿತು. ಗರ್ಭಿಣಿಗೆ ದಿನಾ ಗುಳಿಗೆಯ ಬದಲು ಕಬ್ಬಿಣಾಂಶವನ್ನು ಒಮ್ಮೆಲೇ ನರದ ಮೂಲಕ ಕೊಟ್ಟರೆ ಹೇಗೆ ಎಂದು ನೋಡುವ ಅಧ್ಯಯನವೂ ಕರ್ನಾಟಕ ಮತ್ತು ರಾಜಸ್ಥಾನದಲ್ಲಿ ನಡೆದಿದೆ. ಗೂಡಿನಲ್ಲಿ ಉಳಿಯುವ ಗುಳಿಗೆ ಚೀಟಿಗಳ ವಿಷಯ ವಿಜ್ಞಾನಿಗಳಿಗೂ ಗೊತ್ತು.

ಹಾಗಂತ ನುಂಗದ ಹೆಣ್ಣುಮಕ್ಕಳನ್ನು ಬೈಯುವುದರಲ್ಲಿ ಅರ್ಥವಿಲ್ಲ. ಹೊಟ್ಟೆ ತೊಳಸುವುದು, ಮಲಬದ್ಧತೆ ಸುಳ್ಳಲ್ಲ. ರಾತ್ರಿ ಊಟವಾದ ಮೇಲೆ ನುಂಗಿದರೆ ಬಹಳ ಮಂದಿಗೆ ಕಾಟ ಕಡಿಮೆಯಾಗುತ್ತದೆ. ಚಹಾ, ಹಾಲಿನ ಜೊತೆ ಬೇಡ, ಕಬ್ಬಿಣಾಂಶ ದೇಹಕ್ಕೆ ಹತ್ತುವುದಿಲ್ಲ. ಕ್ಯಾಲ್ಸಿಯಂ ಗುಳಿಗೆಯ ಜೊತೆಗೂ ಬೇಡ, ಎರಡಕ್ಕೂ ನಡುವೆ ಕೆಲವು ತಾಸು ಬಿಡಿ. ಲಿಂಬೆಹಣ್ಣಿನ ಪಾನಕ ಒಳ್ಳೆಯದು. ಫೋಲೇಟ್ ನಮ್ಮ ಅಡುಗೆಯಲ್ಲೇ ಇದೆ: ಮೆಂತ್ಯ, ಪಾಲಕ್, ರಾಜಗಿರಿ ಪಲ್ಯ, ಹೆಸರು, ಕಡಲೆ, ಶೇಂಗಾ. ತಾಸುಗಟ್ಟಲೆ ಕುದಿಸಿ ನೀರು ಚೆಲ್ಲಿದರೆ ಅದೂ ಚೆಲ್ಲಿಹೋಗುತ್ತದೆ. ಬಸುರಿಗೆ, ಬಾಣಂತಿಗೆ ಸೊಪ್ಪು ಕಾಳು ಕೊಡಬಾರದು ಎಂಬ ಪಥ್ಯ ಎಷ್ಟೋ ಮನೆಗಳಲ್ಲಿದೆ. ಲೂಸಿ ಮುಂಬೈಯ ಬಡ ಹೆಂಗಸರ ತಟ್ಟೆಯಲ್ಲಿ ಕಂಡ ಕೊರತೆಯನ್ನು ನಾವು ಉಳ್ಳವರ ಮನೆಯಲ್ಲೂ ಕೈಯಾರೆ ಮಾಡುತ್ತಿದ್ದೇವೆ.

ಇನ್ನೊಂದು ವಿಷಯ ಹೊಸದಾಗಿ ಮದುವೆಯಾದವರಿಗೆ. ಮಗುವಿನ ಬೆನ್ನುಹುರಿಯ ನಳಿಗೆ ಮುಚ್ಚಿಕೊಳ್ಳುವುದು ಗರ್ಭ ಕಟ್ಟಿದ ಮೊದಲ 28 ದಿನಗಳೊಳಗೆ. ಮುಟ್ಟು ತಪ್ಪಿದ್ದು ಗಮನಕ್ಕೆ ಬಂದು, ಅತ್ತೆಗೆ ಹೇಳಿ, ಆಶಾ ಕಾರ್ಯಕರ್ತೆಗೆ ತಿಳಿದು, ತಾಯಿ ಕಾರ್ಡ್ ಮಾಡಿಸುವ ಹೊತ್ತಿಗೆ ಆ ದಿನಗಳು ದಾಟಿಹೋಗಿರುತ್ತವೆ. ಹಾಗಾಗಿ ಮಗು ಬೇಕೆಂದು ನಿರ್ಧರಿಸಿದಾಗಿನಿಂದಲೇ ದಿನಕ್ಕೆ 400 ಮೈಕ್ರೊಗ್ರಾಂನ ಫೋಲಿಕ್ ಆಸಿಡ್ ಗುಳಿಗೆ ಶುರುಮಾಡಿ, ಬಸಿರಿನ ಮೊದಲ ಮೂರು ತಿಂಗಳು ಮುಂದುವರಿಸಬೇಕು. ಕೆಂಪು ಗುಳಿಗೆ ಬರುವುದು ಅದಾದ ಮೇಲೆ, ನಾಲ್ಕನೇ ತಿಂಗಳಿಂದ ಕನಿಷ್ಠ 180 ದಿನ, ಹೆರಿಗೆಯ ನಂತರ ಮತ್ತೆ 180 ದಿನ. ಎರಡೂ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಉಚಿತ. ಆಶಾ ಅಕ್ಕ ಮನೆಗೆ ಬಂದಾಗ ಕಾರ್ಡ್ ಇನ್ನೂ ಆಗಿಲ್ಲವೆಂದು ಸುಮ್ಮನಿರದೆ ಕೇಳಿ ಪಡೆಯಿರಿ.